ಸದರಿ ಕಂಪನಿ ಮತ್ತು ನಮ್ಮ ಟೂಲ್‌ರೂಮ್ ಇಲೆವೆನ್

ಕೆಲವರಿಗೆ ತಂಬಾಕಿನ ಚಟ, ಕೆಲವರಿಗೆ ಇಸ್ಪೀಟಿನ ಚಟ, ನನಗೆ ಅರ್ಜಿ ಬರೆಯುವ ಚಟ. ಇದು ಚಟವೆಂದು ಒಪ್ಪಿಕೊಳ್ಳುವುದಕ್ಕೆ ನನಗೆ ಅರವತ್ತೆರಡು ವರ್ಷ ಹಿಡಿಯಿತು. ಅಲ್ಲಿಯವರೆಗೆ ಇದನ್ನು ಪರೋಪಕಾರ ಎಂದೇ ನಂಬಿದ್ದೆ. ತಂಬಾಕು ತಿನ್ನುವವನು ತನ್ನ ಬಾಯಿಯನ್ನಷ್ಟೇ ಕೆಡಿಸಿಕೊಳ್ಳುತ್ತಾನೆ. ಅರ್ಜಿ ಬರೆಯುವವನು ಏನೇನು ಕೆಡಿಸಬಲ್ಲ ಎನ್ನುವುದು ನನಗೆ ಈಚೆಗೆ ಒಂದು ಫುಟ್‌ಬಾಲ್ ಕ್ಲಬ್ಬಿನ ದೆಸೆಯಿಂದ ಗೊತ್ತಾಯಿತು. ನಗೆಬರಹವೆಂದು ಕಾಲು ಚಾಚಿಕೊಂಡು ಕೂತವರಿಗೆ ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಬ್ಬ ಮನುಷ್ಯ ಸತ್ತಿದ್ದಾನೆ.

ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರ ಪತ್ರವ್ಯವಹಾರ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತು ಎದ್ದವನು ನಾನು. ಉಳಿದವರು ಕಬ್ಬಿಣ ಕೊರೆದರು, ನಾನು ಕಾಗದ ಕೊರೆದೆ. ‘ಸದರಿ’, ‘ಮೇಲ್ಕಾಣಿಸಿದ’, ‘ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ’ ಎಂಬ ಮಾತುಗಳೆಲ್ಲ ಬಿ.ಪಿ.ಯ ಹಾಗೆ ನನ್ನ ರಕ್ತದಲ್ಲಿ ಸೇರಿಹೋಗಿವೆ. ಮಾವನವರು ತೀರಿಕೊಂಡಾಗ ಅತ್ತೆಗೆ ಬರೆದ ಸಮಾಧಾನದ ಕಾಗದದಲ್ಲೂ ‘ವಿಷಯ: ತಮ್ಮ ಪತಿಯವರ ನಿಧನದ ಕುರಿತು’ ಎಂದು ಮೇಲೆ ಒಂದು ಸಾಲು ಹಾಕಿ, ಅಡಿಗೆರೆ ಎಳೆದಿದ್ದೆ. ನನ್ನ ಹೆಂಡತಿ ವಿಮಲಾ ಆ ಕಾಗದವನ್ನು ಇವತ್ತಿಗೂ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ. ಪ್ರೀತಿಯಿಂದಲ್ಲ, ಜಗಳದಲ್ಲಿ ಬೇಕಾಗುತ್ತದೆ ಎಂದು. ನಿವೃತ್ತನಾದ ಮೇಲೂ ಚಟ ಬಿಡಲಿಲ್ಲ. ಯಾರದೋ ಪಿಂಚಣಿ, ಯಾರದೋ ನಲ್ಲಿ, ಯಾರದೋ ಮಗನ ಜಾತಿ ಪತ್ರ, ಹೀಗೆ ಊರ ಉಸಾಬರಿಯೆಲ್ಲ ನನ್ನ ಮೇಜಿನ ಮೇಲೆ ಬಂದು ಬೀಳುತ್ತಿತ್ತು. ಯಾರಿಂದಲೂ ಬಿಡಿಗಾಸು ತೆಗೆದುಕೊಂಡವನಲ್ಲ ನಾನು. ಕಾಗದವನ್ನು ಒಮ್ಮೆ ಗಟ್ಟಿಯಾಗಿ ಓದಿ ‘ವಾ’ ಎಂದರೆ ಸಾಕು, ಅವತ್ತಿನ ಊಟ ರುಚಿಯಾಗುತ್ತಿತ್ತು.

ಇನ್ನು ಕ್ಲಬ್ಬಿನ ವಿಚಾರ. ಕಾರ್ಖಾನೆಯಲ್ಲಿ ಟೂಲ್‌ರೂಮ್ ಎಂದರೆ ಉಳಿದ ವಿಭಾಗಗಳಿಗೆ ಬೇಕಾದ ಹತಾರುಗಳನ್ನು ಮಾಡಿಕೊಡುವ ಜಾಗ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಊಟ ಬಿಡುವಂಥ ಜನ ಅಲ್ಲಿಯವರು. ಆ ಜನ ಹಿಂದೊಮ್ಮೆ ಕಟ್ಟಿದ ಕ್ಲಬ್ಬು ಟೂಲ್‌ರೂಮ್ ಇಲೆವೆನ್. ಪಂದ್ಯಕ್ಕೆ ಮೊದಲು ಗೋಲು ಕಂಬಗಳಿಗೆ ರಸಮಟ್ಟ ಹಿಡಿದು ನೋಡುವ ಪದ್ಧತಿ ಜಗತ್ತಿನ ಬೇರೆ ಯಾವ ಮೈದಾನದಲ್ಲಿದೆಯೋ ನಾನರಿಯೆ, ನಮ್ಮಲ್ಲಿ ಅದು ತಪ್ಪುವಂತಿಲ್ಲ. ಪೆನಾಲ್ಟಿ ಚುಕ್ಕೆ ಎರಡು ಬೆರಳು ಆಚೆಗಿದೆ ಎಂದು ಪ್ರೇಕ್ಷಕರು ಸ್ಟೀಲ್ ಟೇಪು ಹಿಡಿದು ಒಳಗಿಳಿದು, ಸಿಕಂದರಾಬಾದಿನಿಂದ ಬಂದ ರೆಫರಿ ಶಿಳ್ಳೆಯನ್ನು ಜೇಬಿಗೆ ಹಾಕಿಕೊಂಡು ಚಹಾ ಕುಡಿಯಲು ಹೋದದ್ದೂ ಉಂಟು. ಅಳತೆಯಲ್ಲಿ ನಾವು ಎಂದೂ ಸೋತವರಲ್ಲ. ಆಟದಲ್ಲಿ ಸೋತಿದ್ದೇವೆ, ಬಹಳ ಸಲ ಸೋತಿದ್ದೇವೆ.

ನನ್ನನ್ನು ಈ ಕ್ಲಬ್ಬಿಗೆ ಹಚ್ಚಿದವನು ಈರಣ್ಣ ಬಡಿಗೇರ. ಬೈಲಹೊಂಗಲದ ಕಡೆಯವನು, ಟೂಲ್‌ರೂಮಿನ ಟರ್ನರು, ಒಂದು ಕಾಲಕ್ಕೆ ಕ್ಲಬ್ಬಿನ ಎಡಬದಿಯ ರಕ್ಷಕ. ಇಪ್ಪತ್ತೆರಡು ವರ್ಷ ಅದೇ ಸಿಮೆಂಟು ಮೆಟ್ಟಿಲ ಮೇಲೆ ಅವನ ಬಲಕ್ಕೆ ನಾನು, ನನ್ನ ಎಡಕ್ಕೆ ಅವನು, ನಡುವೆ ಒಂದು ಪೊಟ್ಟಣ ಚುರುಮುರಿ. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವನು ಅವನ ತಮ್ಮ ಮಲ್ಲಪ್ಪ. ಅವನು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಗುತ್ತಿಗೆಯ ಆಳು, ಟೂಲ್‌ರೂಮಿನವನಲ್ಲ. ಆದರೂ ಅವನೆಳೆದ ಗೆರೆಯ ಮೇಲೆ ಯಾರೂ ಟೇಪು ಹಿಡಿದದ್ದನ್ನು ನಾನು ನೋಡಲಿಲ್ಲ. ಗೆರೆ ಮುಗಿಸಿ ಬಂದು ನಮ್ಮ ಕೆಳಗಿನ ಮೆಟ್ಟಿಲ ಮೇಲೆ ಕೂತು, ಸುಣ್ಣದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ನಮ್ಮ ಚುರುಮುರಿಗೆ ಕೈ ಹಾಕುತ್ತಿದ್ದ.

ಸತ್ತವನು ಅವನೇ. ಮೂರು ವರ್ಷದ ಹಿಂದಿನ ಮಳೆಗಾಲದ ಒಂದು ಮಧ್ಯಾಹ್ನ ಎರಡು ತಾಸು ಮಳೆ ಬಿಟ್ಟೂಬಿಡದೆ ಹೊಯ್ಯಿತು. ಮಲ್ಲಪ್ಪನ ಮನೆ ಇದ್ದದ್ದು ನಮ್ಮ ಅಪಾರ್ಟ್‌ಮೆಂಟಿನ ಬೆನ್ನಿಗಿರುವ ಬಡವರ ಬಸ್ತಿಯಲ್ಲಿ. ಆ ಬಸ್ತಿಯ ನೀರು ಮುಂಚೆ ಇಳಿಜಾರಿನಲ್ಲಿ ಹರಿದು, ಈಗ ನಮ್ಮ ಅಪಾರ್ಟ್‌ಮೆಂಟು ನಿಂತಿರುವ ಬಯಲನ್ನು ದಾಟಿ, ಮುಂದಿನ ನಾಲಾಕ್ಕೆ ಸೇರುತ್ತಿತ್ತು. ಆ ದಿನ ನಮ್ಮ ಹಿಂಗೋಡೆ ಅದನ್ನು ತಡೆಯಿತು. ಮಲ್ಲಪ್ಪ ಹೆಂಡತಿಯನ್ನೂ ಮೂರು ಮಕ್ಕಳನ್ನೂ ಪಕ್ಕದವರ ತಾರಸಿಗೆ ಹತ್ತಿಸಿ, ಟ್ರಂಕು ತರಲು ಮತ್ತೆ ಕೆಳಗಿಳಿದ. ಟ್ರಂಕಿನಲ್ಲಿ ಇದ್ದದ್ದು ಚಿನ್ನವಲ್ಲ. ರೇಷನ್ ಕಾರ್ಡು, ಮಕ್ಕಳ ಶಾಲೆಯ ದಾಖಲೆ, ಮನೆಯ ಪಟ್ಟಾ. ಈ ಊರಿನಲ್ಲಿ ಬಡವನ ಕಾಗದ ಹೋದರೆ ಬಡವನೇ ಹೋದ ಹಾಗೆ, ಇದನ್ನು ಅವನಿಗೆ ಹೇಳಿಕೊಟ್ಟವನೂ ಬಹುಶಃ ನಾನೇ. ನೀರು ಒಮ್ಮೆಲೇ ಏರಿತು. ಅವನು ಸಿಕ್ಕದ್ದು ಮರುದಿನ ಬೆಳಿಗ್ಗೆ, ಆ ಗೋಡೆಯ ಬುಡದಲ್ಲಿ.

ನಮ್ಮ ಅಪಾರ್ಟ್‌ಮೆಂಟನ್ನೂ ಆ ಗೋಡೆಯನ್ನೂ ಕಟ್ಟಿದ ಬಿಲ್ಡರ್ ಕಂಪನಿಯ ಹೆಸರು ಇಲ್ಲಿ ಬೇಡ. ನಮ್ಮ ವಿಭಾಗದ ಸಂಪ್ರದಾಯದಂತೆ ‘ಸದರಿ ಕಂಪನಿ’ ಎಂದೇ ಕರೆಯುತ್ತೇನೆ. ಅದೇ ಹೊತ್ತಿಗೆ ಕಾರ್ಖಾನೆಯವರು ಫುಟ್‌ಬಾಲ್ ಆಡಿಸುವುದು ತಮ್ಮ ಕೆಲಸವಲ್ಲ ಎಂದು ಸುತ್ತೋಲೆ ಹೊರಡಿಸಿದರು. ಮೈದಾನದಲ್ಲಿ ಹುಲ್ಲಿಗಿಂತ ಕಲ್ಲು ಹೆಚ್ಚಾಯಿತು. ಆಟಗಾರರು ಒಬ್ಬೊಬ್ಬರು ಒಂದೊಂದು ಬಣ್ಣದ ಅಂಗಿ ತೊಟ್ಟು ಬಂದು, ಎದುರು ತಂಡದವನಿಗೇ ಚೆಂಡು ಕೊಟ್ಟು ‘ಸಾರಿ’ ಎನ್ನುವ ಸ್ಥಿತಿ ಬಂತು. ಕ್ಲಬ್ಬಿಗೆ ಬೀಗ ಹಾಕುವ ಸಭೆಯೂ ನಿಗದಿಯಾಯಿತು. ಆ ಸಭೆಗೆ ಕರೆಯದೆ ಬಂದವರು ಸದರಿ ಕಂಪನಿಯವರು. ಕ್ಲಬ್ಬನ್ನು ನಾವು ವಹಿಸಿಕೊಳ್ಳುತ್ತೇವೆ ಎಂದರು. ಕ್ಲಬ್ಬು ಯಾರದು, ಯಾರು ಕೊಡಬೇಕು ಎಂದು ನಾವು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಮೂವರು ಪದಾಧಿಕಾರಿಗಳು ಸಹಿ ಹಾಕಿ ಸಮೋಸಾ ತಿನ್ನುತ್ತಿದ್ದರು. ಆರು ತಿಂಗಳಲ್ಲಿ ಹುಲ್ಲು ಬಂತು, ದೀಪ ಬಂತು, ಹೆಣ್ಣುಮಕ್ಕಳ ತಂಡ ಬಂತು, ಕೊನೆಗೆ ಆಟಗಾರರಿಗೂ ಮೆಟ್ಟಿಲ ಮೇಲಿನ ನಮ್ಮಂಥವರಿಗೂ ಜೆರ್ಸಿ ಬಂತು. ಜೆರ್ಸಿಯ ಎದೆಯ ಮೇಲೆ ಅಂಗೈಯಗಲದ ಅಕ್ಷರದಲ್ಲಿ ಸದರಿ ಕಂಪನಿಯ ಹೆಸರು, ಕೆಳಗೆ ಅದರ ಘೋಷವಾಕ್ಯ: ‘ನಿಮ್ಮ ನೆಲೆ, ನಮ್ಮ ಹೊಣೆ.’

ಈರಣ್ಣ ಆ ಜೆರ್ಸಿಯನ್ನು ಮೊದಲ ಸಲ ನೋಡಿದ ದಿನ ಚುರುಮುರಿ ಮುಟ್ಟಲಿಲ್ಲ. ಮುಂದಿನ ಪಂದ್ಯಕ್ಕೆ ಅವನೂ ಅವನಂಥ ಮೂವತ್ತು ನಲವತ್ತು ಜನರೂ ಎದೆಯ ಹೆಸರಿನ ಮೇಲೆ ಕಪ್ಪು ಇನ್ಸುಲೇಷನ್ ಟೇಪು ಅಂಟಿಸಿಕೊಂಡು ಬಂದರು. ಟೂಲ್‌ರೂಮಿನ ಜನವಲ್ಲವೇ, ಪ್ರತಿಭಟನೆಯಲ್ಲೂ ಅಳತೆ ತಪ್ಪಲಿಲ್ಲ. ಅಂಚನ್ನು ಬ್ಲೇಡಿನಿಂದ ಕತ್ತರಿಸಿ, ಎರಡೂ ತುದಿ ತೋಳಿನ ಹೊಲಿಗೆಗೆ ಸರಿಸಮ ಬರುವಂತೆ ಎಷ್ಟು ಚೊಕ್ಕವಾಗಿ ಹಚ್ಚಿದ್ದರೆಂದರೆ, ಎದುರು ತಂಡದ ಅಭಿಮಾನಿಗಳು ಅದು ಹೊಸ ವಿನ್ಯಾಸವೆಂದು ತಿಳಿದು ‘ಈ ಜೆರ್ಸಿ ಎಲ್ಲಿ ಸಿಗುತ್ತದೆ’ ಎಂದು ವಿಚಾರಿಸಿದರು. ಸದರಿ ಕಂಪನಿಯ ಮ್ಯಾನೇಜರು ಬಂದು ನೋಡಿ, ಯಾರೋ ಹಿರಿಯರು ತೀರಿಕೊಂಡಿರಬೇಕೆಂದು ಒಂದು ನಿಮಿಷ ಮೌನ ಆಚರಿಸಲು ಹೇಳಿಕಳಿಸಿದರು. ಆ ಒಂದು ನಿಮಿಷ ಎರಡೂ ಕಡೆಯವರು ಎದ್ದು ನಿಂತೆವು. ಯಾರಿಗಾಗಿ ನಿಂತಿದ್ದೇವೆ ಎನ್ನುವುದು ಟೇಪು ಹಚ್ಚಿದವರಿಗೆ ಗೊತ್ತಿತ್ತು, ಮೌನ ಆಚರಿಸಲು ಹೇಳಿದವರಿಗೆ ಗೊತ್ತಿರಲಿಲ್ಲ.

ಟೇಪು ಬೇಡವೆಂದ ಪಕ್ಷದ ಮುಂದಾಳು ಖಾಜಾ ಭಾಯಿ. ಕಲಬುರ್ಗಿಯವರು, ಕಾರ್ಖಾನೆಯ ಫೌಂಡ್ರಿಯಿಂದ ನಿವೃತ್ತರು, ಒಂದು ಕಾಲದ ಸೆಂಟರ್ ಫಾರ್ವರ್ಡು. ಅವರ ಮಗಳು ಶಬಾನಾ ಹೊಸ ಹೆಣ್ಣುಮಕ್ಕಳ ತಂಡದ ಗೋಲ್‌ಕೀಪರು. ಖಾಜಾ ಭಾಯಿಯನ್ನು ಕೆಟ್ಟವರೆನ್ನಲು ನನ್ನಿಂದಾಗದು. ಮಲ್ಲಪ್ಪನನ್ನು ಗೋಡೆಯ ಬುಡದಿಂದ ಎತ್ತಿದ ನಾಲ್ವರಲ್ಲಿ ಅವರೂ ಒಬ್ಬರು. ಮೈದಾನದ ಪಕ್ಕದ ಇರಾನಿ ಹೋಟೆಲಿನಲ್ಲಿ ಒಂದು ಸಂಜೆ ಈ ಜಗಳ ಚಹಾ ಲೋಟ ಉರುಳುವ ಮಟ್ಟಕ್ಕೆ ಹೋಯಿತು.

“ಏನ್ ಈರಣ್ಣ, ಫ್ಯಾಕ್ಟರಿ ಕೈ ಬಿಟ್ಟಾಗ ಕೌನ್ ಆಯಾ, ಯಾರ್ ಬಂದ್ರು? ನೀ ಟೇಪ್ ತಗೊಂಡು ಬಂದಿದ್ದೇನು?” ಎಂದರು ಖಾಜಾ ಭಾಯಿ. “ಇವತ್ತ ನನ್ನ ಬೇಟಿ ಕೈಗೆ ಗ್ಲೌಸ್ ಹಾಕ್ಕೊಂಡು ಗೋಲ್‌ನ್ಯಾಗ ನಿಂದರತಾಳ. ಆಕಿಗೆ ಏನ್ ಹೇಳ್ಲಿ? ಮನಿಗೆ ನಡಿ, ಹೆಸರು ಚಲೋ ಇಲ್ಲ ಅಂತ ಹೇಳ್ಲ್ಯಾ?”

“ಆಡ್ಲಿ ಬಿಡ್ರಿ, ಯಾರ್ ಬ್ಯಾಡಂದ್ರು. ಆದ್ರ ನನ್ನ ತಮ್ಮನ್ನ ಮುಳುಗಿಸಿದವ್ರ ಹೆಸರು ನನ್ನ ಎದಿ ಮ್ಯಾಲ ಬ್ಯಾಡ” ಎಂದ ಈರಣ್ಣ.

“ಮುಳುಗಿಸಿದ್ದು ಮಳಿ, ಈರಣ್ಣ.”

“ಮಳಿ ನಮ್ಮಪ್ಪನ ಕಾಲದಾಗೂ ಬರ್ತಿತ್ರಿ. ಗೋಡಿ ಇದ್ದಿದ್ದಿಲ್ಲ.”

ಅಲ್ಲಿಗೆ ಹೋಟೆಲು ಎರಡು ಹೋಳಾಯಿತು. ಕ್ಲಬ್ಬು ಉಳಿದರೆ ತಾನೆ ಜಗಳ, ಮಾಲಕ ಯಾರಾದರೇನು ಎಂದರು ಕೆಲವರು. ದುಡ್ಡು ಕೊಟ್ಟವನು ಆಟ ನೋಡಲಿ, ಎದೆಯ ಮೇಲೆ ಯಾಕೆ ಹತ್ತಬೇಕು ಎಂದರು ಇನ್ನು ಕೆಲವರು. ರಾಜಿ ಪಂಚಾಯಿತಿಯವರಿಗೂ ಬರವಿರಲಿಲ್ಲ. ಹೆಸರನ್ನು ಎದೆಯಿಂದ ಬೆನ್ನಿಗೆ ಸರಿಸೋಣ ಎಂದನೊಬ್ಬ. ಹೆಸರಿರಲಿ, ಘೋಷವಾಕ್ಯ ಮಾತ್ರ ತೆಗೆಸೋಣ ಎಂದ ಇನ್ನೊಬ್ಬ. ಟೂಲ್‌ರೂಮಿನ ಹಳಬರೊಬ್ಬರು ಅಕ್ಷರದ ಎತ್ತರವನ್ನು ಎಂಟು ಮಿಲಿಮೀಟರಿಗೆ ಇಳಿಸಿದರೆ ಉಭಯತ್ರರಿಗೂ ಒಪ್ಪಿಗೆಯಾಗಬಹುದು ಎಂದು ಜೇಬಿನಿಂದ ಸ್ಕೇಲು ತೆಗೆದರು. ಎಂಟು ಮಿಲಿಮೀಟರು ದುಃಖ ಎಷ್ಟು ಎಂದು ಅಳೆಯುವ ಹತಾರು ಮಾತ್ರ ಯಾರ ಹತ್ತಿರವೂ ಇರಲಿಲ್ಲ.

ನಾನು ಯಾವ ಕಡೆ ಎಂದು ನೀವು ಕೇಳಬಹುದು. ಹೋಟೆಲಿನಲ್ಲಿಯೂ ಕೇಳಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವುದು ಪತ್ರವ್ಯವಹಾರ ವಿಭಾಗದ ಕುಲಧರ್ಮ. ನಾನು ಟೇಪು ಹಚ್ಚಿದ್ದೆ, ಆದರೆ ಅದರ ಮೇಲೆ ಸ್ವೆಟರು ಹಾಕಿಕೊಂಡಿದ್ದೆ. ಮಾರ್ಚಿ ತಿಂಗಳ ಹೈದರಾಬಾದಿನಲ್ಲಿ ಸ್ವೆಟರು! ಬೆವರು ಇಳಿಯುತ್ತಿತ್ತು, ಗುಟ್ಟು ಉಳಿಯುತ್ತಿತ್ತು. ಅಷ್ಟೇ ಆಗಿದ್ದರೆ ಹೇಡಿತನ ಎಂದು ಸುಮ್ಮನಾಗಬಹುದಿತ್ತು. ಮರುದಿನ ಖಾಜಾ ಭಾಯಿ ಮನೆಗೆ ಬಂದು, ಹೆಣ್ಣುಮಕ್ಕಳ ತಂಡಕ್ಕೆ ಆಸರೆಯಾದದ್ದಕ್ಕೆ ಸದರಿ ಕಂಪನಿಗೆ ಒಂದು ಧನ್ಯವಾದ ಪತ್ರ ಬರೆದುಕೊಡಿ ಎಂದರು. ಬರೆದುಕೊಟ್ಟೆ. ಮೂರನೇ ದಿನ ಈರಣ್ಣ ಬಂದು, ಅದೇ ಕಂಪನಿಯ ಹೆಸರನ್ನು ಜೆರ್ಸಿಯಿಂದ ತೆಗೆಸುವ ಅರ್ಜಿ ಬರೆದುಕೊಡ್ರಿ ಎಂದ. ಆಗಲಿ ಎಂದೆ.

“ನಿಮಗ ನಾಚಿಕಿ ಅನ್ನೂದು ಏನರ ಅದನೋ ಇಲ್ಲೋ?” ಎಂದಳು ವಿಮಲಾ.

“ವಕೀಲರು ಎರಡೂ ಕಡೆಯವರ ಕೇಸು ಹಿಡೀತಾರ” ಎಂದೆ.

“ಒಂದೇ ಕೇಸಿನಾಗ ಹಿಡಿಯೂದಿಲ್ಲ.”

ನಮ್ಮ ಮನೆಯಲ್ಲಿ ವಾದ ಗೆಲ್ಲುವವರು ಯಾರು ಎನ್ನುವುದನ್ನು ಬೇರೆ ಹೇಳಬೇಕಾಗಿಲ್ಲ. ನಾನು ಬಾಗಿಲು ಮುಂದಕ್ಕೆ ಎಳೆದುಕೊಂಡು ಈರಣ್ಣನ ಅರ್ಜಿಗೆ ಕೂತೆ. ಇಲ್ಲಿ ನನ್ನ ಕೆಲಸದ ಪದ್ಧತಿಯೊಂದನ್ನು ಹೇಳಬೇಕು. ನಾನು ಬರೆಯುವ ಅರ್ಜಿಯಲ್ಲಿ ವಿಷಯದ ಕೆಳಗೆ ‘ಉಲ್ಲೇಖ’ ಎಂಬ ಸಾಲು ಇಲ್ಲದೆ ಇರುವುದಿಲ್ಲ. ಆ ವಿಷಯಕ್ಕೆ ಸಂಬಂಧಿಸಿ ಹಿಂದೆ ಯಾರು ಯಾರಿಗೆ ಏನು ಬರೆದಿದ್ದರು ಎಂಬುದನ್ನೆಲ್ಲ ಹುಡುಕಿ, ಒಂದು ಎರಡು ಮೂರು ಎಂದು ಪಟ್ಟಿ ಮಾಡಿ, ಪ್ರತಿ ಲಗತ್ತಿಸದೆ ನಾನು ಕಾಗದ ಕಳಿಸಿದವನಲ್ಲ. ಉಲ್ಲೇಖವಿಲ್ಲದ ಅರ್ಜಿ ತಂದೆಯ ಹೆಸರಿಲ್ಲದ ಲಗ್ನಪತ್ರಿಕೆಯ ಹಾಗೆ ಎಂದು ಕಿರಿಯರಿಗೆ ಪಾಠ ಹೇಳಿದವನು. ಹಾಗಾಗಿ ಗೋಡೆಯ ಕುರಿತು ಹಿಂದಿನ ಕಾಗದಗಳೇನಾದರೂ ಇವೆಯೇ ಎಂದು ಕಪಾಟಿನ ಮೇಲಿನ ಹಳೆಯ ಕಡತಗಳನ್ನು ಇಳಿಸಿದೆ. ನಮ್ಮ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘಕ್ಕೆ ಎರಡು ವರ್ಷ ನಾನೇ ಕಾರ್ಯದರ್ಶಿಯಾಗಿದ್ದೆ. ಕಡತ ನೀಟಾಗಿತ್ತು, ಪುಟಕ್ಕೆ ಸಂಖ್ಯೆ ಇತ್ತು. ಬೇಕಾದ ಕಾಗದ ಐದೇ ನಿಮಿಷದಲ್ಲಿ ಸಿಕ್ಕಿತು.

ಪತ್ರ ನನ್ನದೇ. ಸದರಿ ಕಂಪನಿಗೆ ಬರೆದದ್ದು, ನಗರಪಾಲಿಕೆಗೆ ಒಂದು ಪ್ರತಿ. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳುವುದಾದರೆ: ಹಿಂದಿನ ಬಸ್ತಿಯ ಕೊಳಕು ನೀರು ಮತ್ತು ಹಂದಿಗಳು ಗೋಡೆಯ ಬುಡದ ಕಂಡಿಗಳ ಮೂಲಕ ನಮ್ಮ ಆವರಣಕ್ಕೆ ಬರುತ್ತಿದ್ದು, ನಿವಾಸಿಗಳ ಆರೋಗ್ಯದ ದೃಷ್ಟಿಯಿಂದ ಸದರಿ ಕಂಡಿಗಳನ್ನು ಶಾಶ್ವತವಾಗಿ ಮುಚ್ಚಿ, ಗೋಡೆಯನ್ನು ನಾಲ್ಕಡಿ ಎತ್ತರಿಸಿ ಕೊಡತಕ್ಕದ್ದು. ಕೆಳಗೆ ನನ್ನ ಸಹಿ. ಆ ಪತ್ರ ಬರೆದದ್ದು ನನಗೆ ಮರೆತಿರಲಿಲ್ಲ, ಸುಳ್ಳೇಕೆ ಹೇಳಲಿ. ಆದರೆ ಈ ಮೂರು ವರ್ಷದಲ್ಲಿ ನನ್ನ ನೆನಪು ಆ ಪತ್ರವನ್ನು ನಯವಾಗಿ ತಿದ್ದಿಕೊಂಡಿತ್ತು. ನಾನು ಬರೀ ವಾಸನೆಯ ಬಗ್ಗೆ ದೂರಿದ್ದೆ, ‘ಸೂಕ್ತ ಕ್ರಮ’ ಕೈಗೊಳ್ಳಲು ಕೋರಿದ್ದೆ, ಕಂಡಿ ಮುಚ್ಚಿದ್ದು ಕಂಪನಿಯ ಸ್ವಂತ ಬುದ್ಧಿ, ಹೀಗೆ. ಕಾಗದ ಹಾಗೆ ಹೇಳುತ್ತಿರಲಿಲ್ಲ. ಕರಡು ಪ್ರತಿಯೂ ಜೊತೆಗೇ ಇತ್ತು. ಅದರಲ್ಲಿ ಮೊದಲು ‘ತಾತ್ಕಾಲಿಕವಾಗಿ’ ಎಂದು ಬರೆದು, ಹೊಡೆದು, ಮೇಲೆ ‘ಶಾಶ್ವತವಾಗಿ’ ಎಂದು ಕೆಂಪು ಶಾಯಿಯಲ್ಲಿ ತಿದ್ದಿದ್ದೆ. ಆ ತಿದ್ದುಪಡಿ ಮಾಡಿದಾಗ ನನಗಾದ ಖುಷಿ ಕೂಡ ನೆನಪಾಯಿತು. ಒಂದು ಶಬ್ದದಿಂದ ಪತ್ರಕ್ಕೆ ಎಂಥ ತೂಕ ಬಂತು ಎಂದು ವಿಮಲಾಳಿಗೆ ಓದಿ ತೋರಿಸಿದ್ದೆ. ಇನ್ನೊಂದೂ ನೆನಪಾಯಿತು. ಆ ಮಳೆಯ ಮಧ್ಯಾಹ್ನ ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ನಿಂತು, ನಮ್ಮ ಪಾರ್ಕಿಂಗಿಗೆ ಒಂದು ಹನಿ ಹೊರಗಿನ ನೀರು ಬರಲಿಲ್ಲ ನೋಡು ಎಂದು ಅವಳಿಗೆ ಹೇಳಿದ್ದೆ. ಗೋಡೆಯ ಆಚೆ ನೋಡಿರಲಿಲ್ಲ. ನೋಡಿದ್ದರೆ ಕಾಣುತ್ತಿತ್ತು.

ಎರಡು ದಿನ ಊಟ ಸೇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಮೂರು ವರ್ಷ ಹೆಗಲ ಮೇಲೆ ಕುಂಬಳಕಾಯಿ ಇಟ್ಟುಕೊಂಡೇ ಕಳ್ಳನನ್ನು ಹುಡುಕುವವರ ಜೊತೆ ತಿರುಗಿದ್ದೆ. ಮೂರನೇ ದಿನ ಬೆಳಿಗ್ಗೆ ಕಡತವನ್ನು ಕೈಚೀಲದಲ್ಲಿ ಹಾಕಿಕೊಂಡು ಈರಣ್ಣನ ಮನೆಗೆ ಹೋದೆ. ದಾರಿಯುದ್ದಕ್ಕೂ ಮಾತನ್ನು ಮನಸ್ಸಿನಲ್ಲೇ ಕರಡು ಮಾಡಿದೆ. ‘ಅನುದ್ದೇಶಪೂರ್ವಕವಾಗಿ’ ಎಂಬ ಶಬ್ದ ನಾಲ್ಕು ಸಲ ಬಂದು ಹೋಯಿತು. ಈರಣ್ಣ ಹೊಸಿಲಲ್ಲಿ ಕೂತು ಹಳೆಯ ಫ್ಯಾನಿನ ಬೇರಿಂಗು ಬಿಚ್ಚುತ್ತಿದ್ದ. ನಾನು ಕರಡನ್ನೆಲ್ಲ ಮರೆತು ಕಾಗದವನ್ನು ಅವನ ಮುಂದೆ ಹಿಡಿದೆ.

“ಈರಣ್ಣ, ಆ ಕಂಡಿ ಮುಚ್ಚಿ ಗೋಡಿ ಎಬ್ಬಿಸ್ರಿ ಅಂತ ಕಂಪನಿಗೆ ಬರದಾವ ನಾನು.”

ಅವನು ಕಾಗದ ತೆಗೆದುಕೊಳ್ಳಲಿಲ್ಲ. ಕೈಗೆ ಎಣ್ಣೆ ಹತ್ತಿತ್ತು. “ಗೊತ್ತೈತ್ರಿ ರಾಯರ” ಎಂದ.

ಮಲ್ಲಪ್ಪ ಹೋದ ಹದಿನೈದು ದಿನಕ್ಕೆ ಅವನು ನಗರಪಾಲಿಕೆಯ ಕಚೇರಿಗೆ ಹೋಗಿದ್ದನಂತೆ. ಗೋಡೆ ಯಾರು ಎತ್ತರಿಸಿದರು, ಕಂಡಿ ಯಾಕೆ ಮುಚ್ಚಿದರು ಎಂದು ಕೇಳಿದ್ದಕ್ಕೆ ಅಲ್ಲಿಯ ಗುಮಾಸ್ತ ನನ್ನ ಪತ್ರದ ಪ್ರತಿಯನ್ನು ತೆಗೆದು ತೋರಿಸಿದನಂತೆ. ಈರಣ್ಣನಿಗೆ ಇಂಗ್ಲಿಷು ಅಷ್ಟಾಗಿ ಬಾರದು. ಸಹಿ ಮಾತ್ರ ಗುರುತು ಸಿಕ್ಕಿತು. ಅವನ ಮನೆಯ ಎಷ್ಟೋ ಕಾಗದಗಳ ಕರಡಿನಲ್ಲಿ ಅದೇ ವಾಲಿದ ಅಕ್ಷರವಿತ್ತು.

ನಾನು ಕಾಗದ ಮಡಚಿ ಕೇಳಿದೆ. “ಮತ್ತ ಮೂರು ವರ್ಷ ನನ್ನ ಬಾಜೂಕ ಹೆಂಗ ಕುಂತಿ?”

“ಮದ್ಲ ಮದ್ಲ ಭಾಳ ಸಿಟ್ಟ ಬರ್ತಿತ್ರಿ. ನಿಮ್ಮನ್ನ ಆ ಮೆಟ್ಟಲದಿಂದ ದಬ್ಬಬೇಕು ಅನಸ್ತಿತ್ತು. ಆಮ್ಯಾಲ ವಿಚಾರ ಮಾಡಿದ್ಯಾ. ನೀವು ವಾಸನಿ ಬರ್ತೈತಿ ಅಂತ ಬರದ್ರಿ. ಕಂಪನಿಯವ್ರು ಫ್ಲ್ಯಾಟ್ ಮಾರಬೇಕಂತ ಮುಚ್ಚಿದ್ರು. ಆಫೀಸಿನವ್ರು ನೋಡ್ಲಾರದ ಶಿಕ್ಕಾ ಹೊಡದ್ರು. ಮಲ್ಲ್ಯಾ ಟ್ರಂಕ ತರಾಕ ಹೋದ. ಯಾರನ್ನಂತ ದಬ್ಬಲಿ?” ಎಂದು ಬೇರಿಂಗನ್ನು ಬಟ್ಟೆಯಲ್ಲಿ ಒರೆಸತೊಡಗಿದ.

“ಎಲ್ಲಾ ಗೊತ್ತಿದ್ದೂ ನನ್ನ ಕಡೆನೇ ಅರ್ಜಿ ಬರಸಾಕ ಬಂದ್ಯಲ್ಲೋ.”

“ನೀವು ಬರದ್ರ ಕೆಲಸ ಆಕ್ಕೈತ್ರಿ” ಎಂದ ಈರಣ್ಣ. ಕುಹಕವಿರಲಿಲ್ಲ, ಅಳತೆ ಹೇಳುವಂತೆ ಹೇಳಿದ. “ಆ ಗೋಡಿ ಎಂಟು ದಿನದಾಗ ಎದ್ದಿತ್ತು. ನಾ ನೋಡೇನಲ್ಲ.”

ಒಳಗಿನಿಂದ ಅವನ ಹೆಂಡತಿ ಚಹಾ ತಂದುಕೊಟ್ಟು ಹೋದಳು. ಕುಡಿಯದೆ ಇರುವುದು ಹೇಗೆ, ಕುಡಿದೆ. ಆಮೇಲೆ ಅವನೇ ಮಾತು ತೆಗೆದ.

“ಜೆರ್ಸಿ ಅರ್ಜಿ ಬರ್ಯಾಕ ಕುಂತ್ರ ನೀವು ಹಳೇ ಕಾಗದ ತೆಗದ ತೆಗೀತೀರಿ ಅಂತ ಗೊತ್ತಿತ್ರಿ ನನಗ. ಅದಕ್ಕ ಅದನ್ನ ಬರೀರಿ ಅಂದ್ಯಾ. ಈಗ ಜೆರ್ಸಿ ಬಿಡ್ರಿ. ಹೆಸರು ಎದಿ ಮ್ಯಾಲಿದ್ರೇನು, ಬೆನ್ನ ಮ್ಯಾಲಿದ್ರೇನು. ಖಾಜಾ ಭಾಯಿ ಮಗಳು ಆಡ್ಲಿ. ಮಲ್ಲ್ಯಾನ ಹೇಣ್ತಿ ಮೂರು ಮಕ್ಕಳ ಕ‌ಟ್ಕೊಂಡು ಇನ್ನೂ ಅದ ಮನ್ಯಾಗ ಅದಾಳ್ರಿ. ಬಾ ಅಂದ್ರ ಬರವಲ್ಲಳು. ಗೋಡಿನೂ ಅಲ್ಲೇ ಐತಿ. ಎರಡು ಮಳಿಗಾಲ ದೇವ್ರು ಪಾರು ಮಾಡ್ಯಾನ. ಆ ಕಂಡಿ ತೆಗೀರಿ ಅಂತ ಬರೀರಿ. ನಿಮ್ಮದ ಪತ್ರದ ಉಲ್ಲೇಖ ಹಾಕಿ, ಅದನ್ನ ರದ್ದು ಮಾಡ್ರಿ ಅಂತ ಬರೀರಿ.”

ಬರೀತೀನಿ ಎಂದೆ. ಮಳೆಗಾಲ ಬರುವುದರೊಳಗೆ ಎಂದ. ಅದಕ್ಕೂ ಒಪ್ಪಿದೆ. ಮನೆಗೆ ಬರುವಾಗ ಮೈ ಹಗುರಾಗಿತ್ತು, ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಕ್ಷಮೆ ಸಿಕ್ಕಿತು ಎಂದುಕೊಂಡಿದ್ದೆ. ಸಿಕ್ಕದ್ದು ಕೆಲಸ.

ಅರ್ಜಿ ಬರೆಯಲು ಕೂತು ಇವತ್ತಿಗೆ ಹತ್ತೊಂಬತ್ತು ದಿನವಾಯಿತು. ಮೊದಲ ದಿನವೇ ಸಂಘದ ಈಗಿನ ಕಾರ್ಯದರ್ಶಿಗೆ ಒಂದು ಮಾತು ತಿಳಿಸೋಣ ಎಂದು ಫೋನು ಮಾಡಿದೆ. ಮಾದಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ತೆಲುಗು ಹುಡುಗ, ಬಹಳ ಮರ್ಯಾದಸ್ಥ. “ವದ್ದು ಅಂಕುಲ್, ಬೇಡ, ಕಂಡಿ ತೆಗೆದರೆ ಎರಡೂ ಬೇಸ್‌ಮೆಂಟಿಗೆ ನೀರು ಬರುತ್ತದೆ, ಫ್ಲಾಟಿನ ಬೆಲೆ ಬೀಳುತ್ತದೆ, ನಿಮ್ಮದೂ ಬೀಳುತ್ತದೆ” ಎಂದ. ವಿಮಲಾಳಿಗೆ ಹೇಳಿದೆ. ಅವಳು ಪಲ್ಯಕ್ಕೆ ಹೆಚ್ಚುತ್ತಿದ್ದ ಸೌತೆಕಾಯಿಯನ್ನು ಕೆಳಗಿಟ್ಟು, “ಕಾರಿಗೆ ಈಜಲಿಕ್ಕೆ ಬರೂದಿಲ್ಲ, ಖರೆ. ಮಲ್ಲಪ್ಪನ ಮಕ್ಕಳಿಗೂ ಬರೂದಿಲ್ಲ. ಬರೀರಿ ಇನ್ನ” ಎಂದಳು. ಬರೆಯುತ್ತಿದ್ದೇನೆ. ‘ಒಡೆಯಬೇಕು’ ಎಂದು ಬರೆದಿದ್ದನ್ನು ‘ತೆರವುಗೊಳಿಸಬೇಕು’ ಎಂದು ತಿದ್ದಿದೆ. ‘ಕೂಡಲೇ’ ಎಂಬುದು ಒರಟಾಯಿತೆಂದು ‘ಆದಷ್ಟು ಬೇಗ’ ಎಂದು ಮಾಡಿದೆ. ಮರುದಿನ ಅದು ಸಡಿಲಾಯಿತೆನಿಸಿ ಮತ್ತೆ ‘ಕೂಡಲೇ’ ಎಂದು ಮಾಡಿದೆ. ‘ಉಲ್ಲೇಖ’ ಎಂಬ ಸಾಲಿನ ಮುಂದೆ ಜಾಗ ಖಾಲಿ ಇದೆ. ಅಲ್ಲಿ ನನ್ನ ಪತ್ರದ ಸಂಖ್ಯೆ ಹಾಕಬೇಕು. ಸಂಖ್ಯೆ ಬಾಯಿಪಾಠವಾಗಿದೆ, ಕೈ ಓಡುತ್ತಿಲ್ಲ.

ನಿನ್ನೆ ಸಂಜೆ ಐದರ ಹೊತ್ತಿಗೆ ಮೋಡ ಕಟ್ಟಿ ಗಾಳಿ ಎದ್ದಿತು. ಬಾಲ್ಕನಿಯಿಂದ ನೋಡಿದರೆ ಗೋಡೆಯಾಚೆ ಮಲ್ಲಪ್ಪನ ಹೆಂಡತಿ ಹಗ್ಗದ ಮೇಲಿನ ಬಟ್ಟೆಗಳನ್ನು ಎಳೆದುಕೊಳ್ಳುತ್ತಿದ್ದಳು. ಅದೇ ಹೊತ್ತಿಗೆ ಈರಣ್ಣನ ಫೋನು ಬಂತು.

“ಎಲ್ಲಿಗೆ ಬಂತ್ರೀ ರಾಯರ, ಅರ್ಜಿ?”

“ಟೈಪಿಂಗಿನ್ಯಾಗ ಅದ, ಈರಣ್ಣ” ಎಂದೆ.

ನಾನು ಕೂತು ಟೈಪು ಮಾಡುತ್ತಿದ್ದುದು ಅರ್ಜಿಯನ್ನಂತೂ ಅಲ್ಲ. ಏನನ್ನು ಎನ್ನುವುದು ಇಲ್ಲಿಯವರೆಗೆ ಓದಿದ ನಿಮಗೆ ಗೊತ್ತಿದೆ.